ಬ್ಯಾನ್ಸ್, ಕ್ಯುರೇಟ್, ಲಿವಿಂಗ್: ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಕೆಲವು ಪದಗಳ ಬಗ್ಗೆ ಕೇಳೋದಿದೆ. ಬರೀ ಪದ ಕೇಳಿದ್ರೆ ಡಿಕ್ಷನರಿಲಿ ಇರೋದೇ ಉತ್ತರವಾಗಿ ಬರುತ್ತೆ, ಅದಕ್ಕೇ ಸಂದರ್ಭ ಸಮೇತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಇಂಗ್ಲಿಷಲ್ಲಿ ಬರೋ ಕ್ರಿಶ್ಚಿಯನ್ ಹಿಸ್ಟಾರಿಕಲ್ ರೊಮ್ಯಾನ್ಸ್ ಕಾದಂಬರಿಗಳು ನಂಗೆ ತುಂಬಾ ಇಷ್ಟ, ಅದರಲ್ಲೂ ರೀಜೆನ್ಸಿ ಕಾಲದ್ದು, ಅಂದ್ರೆ 1811ರಿಂದ 1820ರವರೆಗೆ, ಮೂರನೇ ಜಾರ್ಜ್ ದೊರೆ ಕಾಯಿಲೆ ಬಿದ್ದು ಮಗ ರಾಜ್ಯಭಾರ ನೋಡ್ಕೊಳ್ತಿದ್ದ ಕಾಲದ ಇಂಗ್ಲೆಂಡು. ಪ್ರೀತಿ ಇರುತ್ತೆ ಆದ್ರೆ ಮರ್ಯಾದೆ ಮೀರಲ್ಲ, ಪ್ರಾರ್ಥನೆ ಇರುತ್ತೆ, ಹಳ್ಳಿ ಚರ್ಚಿರುತ್ತೆ, ಇದರ ಜೊತೆ ಯಾರೋ ಮುಚ್ಚಿಟ್ಟ ಒಂದು ಗುಟ್ಟು. ಓದಿದ ಕಥೆನ ಕನ್ನಡದಲ್ಲಿ ಬರೆದು ನಮ್ಮ ಓದೋ ಗುಂಪಿಗೆ ಕಳಿಸ್ತೀನಿ. ಗುಂಪಲ್ಲಿ ಹಿಂದೂಗಳೂ ಇದಾರೆ, ಮಂಗಳೂರು ಕಡೆ ಕ್ಯಾಥೊಲಿಕರೂ ಇದಾರೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೋ ಪ್ರಾಟೆಸ್ಟಂಟ್ ಸಭೆಯವರೂ ಇದಾರೆ. ಒಬ್ಬರಿಗೆ ಒಪ್ಪೋ ಪದ ಇನ್ನೊಬ್ಬರಿಗೆ ಬೇರೇನೇ ಚಿತ್ರ ಕೊಡುತ್ತೆ.

ಮುಖ್ಯವಾಗಿ ಬೇಕಿರೋದು ಬ್ಯಾನ್ಸ್ ಅನ್ನೋದಕ್ಕೆ. 1753ರಲ್ಲಿ ಪಾಸಾಗಿ ಮಾರನೇ ವರ್ಷ ಮಾರ್ಚಲ್ಲಿ ಜಾರಿಗೆ ಬಂದ ಹಾರ್ಡ್‌ವಿಕ್ ಕಾಯಿದೆ ಪ್ರಕಾರ ಇಂಗ್ಲೆಂಡಲ್ಲಿ ಮದುವೆ ಆಗಬೇಕಾದ್ರೆ ಒಂದೋ ಬಿಷಪ್ ಕಡೆಯಿಂದ ಲೈಸೆನ್ಸ್ ತರಬೇಕು, ಇಲ್ಲಾ ಹುಡುಗ ಹುಡುಗಿ ಇಬ್ಬರ ಊರಿನ ಚರ್ಚಲ್ಲೂ ಮೂರು ಭಾನುವಾರ ಅವರ ಹೆಸರು ಓದಿ, ಈ ಮದುವೆಗೆ ಯಾರದಾದ್ರೂ ಅಡ್ಡಿ ಇದ್ರೆ ಈಗಲೇ ಹೇಳಿ ಅಂತ ಕೇಳಬೇಕು. ಹೀಗೆ ಓದಿ ಕೇಳೋದೇ ಬ್ಯಾನ್ಸ್. ಕಥೆಗಳಲ್ಲಿ ಗುಟ್ಟು ಹುಟ್ಟೋದೇ ಇಲ್ಲಿಂದ. ಯಾರೂ ಗುರುತು ಹಿಡಿಯದ ಲಂಡನ್ನಿನ ದೊಡ್ಡ ಪ್ಯಾರಿಷಲ್ಲಿ (ಒಂದು ಚರ್ಚಿಗೆ ಸೇರಿದ ವಠಾರ) ಹೆಸರು ಓದಿಸಿ ಕದ್ದು ಮದುವೆ ಆಗಿರ್ತಾರೆ, ಅಥವಾ ಮೂರನೇ ಭಾನುವಾರ ಹಿಂದಿನ ಬೆಂಚಿಂದ ಯಾರೋ ಎದ್ದು ನಿಲ್ತಾರೆ. ಇದನ್ನ 'ವಿವಾಹ ಪ್ರಕಟಣೆ' ಅಂತ ಬರೆದ್ರೆ ಪೇಪರಲ್ಲಿ ಬರೋ ಜಾಹೀರಾತು ಥರ ಕೇಳುತ್ತೆ. 'ನೋಟಿಸ್' ಅಂದ್ರೆ ಓದಿ ಹೇಳೋದು ಹೋಗಿ ಅಂಟಿಸೋದು ಮಾತ್ರ ಉಳಿಯುತ್ತೆ, ನಮ್ಮ 1872ರ ಕ್ರೈಸ್ತ ವಿವಾಹ ಕಾಯಿದೆಲಿ ಚರ್ಚಲ್ಲಿ ನೋಟಿಸ್ ಅಂಟಿಸೋ ಕ್ರಮ ಇದೆಯಲ್ಲ, ಹಾಗೆ.

ನನ್ನ ಮನಸ್ಸಲ್ಲಿರೋದು 'ಸಾರು' ಅನ್ನೋ ಕ್ರಿಯಾಪದ. 'ಅವರ ಮದುವೆನ ಚರ್ಚಲ್ಲಿ ಸಾರಿದ್ರು', 'ಎರಡನೇ ಸಾರಿಕೆ ಆಯ್ತು', ಹೀಗೆ. ಡಂಗುರ ಸಾರೋದು ಎಲ್ಲರಿಗೂ ಗೊತ್ತು, ಸುವಾರ್ತೆ ಸಾರೋದು ಕ್ರೈಸ್ತರಿಗೆ ದಿನಾ ಕಿವಿಗೆ ಬೀಳೋ ಮಾತು, ಹಾಗಾಗಿ ಎರಡೂ ಕಡೆಯವರಿಗೂ ಹೊಂದುತ್ತೆ ಅನ್ಸುತ್ತೆ. ಅಡ್ಡಿ ಹೇಳೋದಕ್ಕೆ 'ತಕರಾರು' ಸರಿಯೋ 'ಆಕ್ಷೇಪಣೆ' ಸರಿಯೋ? ಖಾತೆ ಬದಲಾವಣೆಗೆ ತಕರಾರು ಕರೆಯೋದನ್ನ ನೋಡಿರೋ ಹಳ್ಳಿ ಕಡೆ ಓದುಗರಿಗೆ ತಕರಾರು ತಕ್ಷಣ ಅರ್ಥ ಆಗುತ್ತೆ, ನಾನು ಅದರ ಕಡೆನೇ.

ಇನ್ನು ನಾಯಕ. ಎಷ್ಟೋ ಕಥೆಗಳಲ್ಲಿ ಅವನು ಕ್ಯುರೇಟ್, ವರ್ಷಕ್ಕೆ ಐವತ್ತು ಪೌಂಡು ಆಸುಪಾಸಲ್ಲಿ ಜೀವನ ಮಾಡೋ, ಊರಿನ ಚರ್ಚಿನ ಮುಖ್ಯ ಗುರುವಿನ ಬಡ ಸಹಾಯಕ. ಆ ಮುಖ್ಯ ಗುರು ರೆಕ್ಟರ್ ಆದ್ರೆ ಊರಿನ ದಶಮಾಂಶ (ಬೆಳೆಯ ಹತ್ತರಲ್ಲೊಂದು ಪಾಲು) ಪೂರ್ತಿ ಸಿಗುತ್ತೆ, ವಿಕಾರ್ ಆದ್ರೆ ಅದರಲ್ಲಿ ಸಣ್ಣ ಭಾಗ, ಕ್ಯುರೇಟ್‌ಗೆ ಸಂಬಳ ಅಷ್ಟೇ. ಈ ವ್ಯತ್ಯಾಸ ಗೊತ್ತಾಗದಿದ್ರೆ ಹುಡುಗಿ ಅಪ್ಪ ಯಾಕೆ ಒಪ್ಪಲ್ಲ ಅನ್ನೋದೇ ಅರ್ಥ ಆಗಲ್ಲ. ಮೊದಲು ಮೂವರಿಗೂ 'ಪಾದ್ರಿ' ಅಂತಲೇ ಬರೀತಿದ್ದೆ. ಮಂಗಳೂರಿನ ಒಬ್ಬರು ಕ್ಯಾಥೊಲಿಕ್ ಬಾಯಮ್ಮ ಓದಿ 'ಪಾದ್ರಿಗಳು ಮದುವೆ ಆಗ್ತಾರಾ, ಇದೆಂಥಾ ಕಥೆ ಮಾರಾಯ್ತಿ' ಅಂತ ನೊಂದ್ಕೊಂಡ್ರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಪೋರ್ಚುಗೀಸರಿಂದ ಬಂದ ಆ ಪದ ಕರಾವಳಿಲಿ ಬ್ರಹ್ಮಚಾರಿ ಕ್ಯಾಥೊಲಿಕ್ ಗುರುಗಳಿಗೇ ಅಂಟಿಕೊಂಡಿದೆ. ಇಂಗ್ಲೆಂಡಿನ ಚರ್ಚಲ್ಲಾದ್ರೆ 1549ರಲ್ಲೇ ಗುರುಗಳ ಮದುವೆಗೆ ಕಾನೂನು ಒಪ್ಪಿಗೆ ಕೊಡ್ತು, ನಡುವೆ ಮೇರಿ ರಾಣಿ ಕಾಲದಲ್ಲಿ ತಡೆ ಬಿದ್ದಿದ್ದು ಬಿಟ್ರೆ ಆಮೇಲೆ ಅದು ಸಹಜವೇ ಆಗೋಯ್ತು.

ಹಾಗಾಗಿ 'ಸಭಾಪಾಲಕ' ಅನ್ನೋದೇ ಸರಿ ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನ ಚರ್ಚಿನ ಪರಂಪರೆಯವರಾದ ಇಲ್ಲಿನ ಆಂಗ್ಲಿಕನ್ನರು 1947ರಲ್ಲಿ ಬೇರೆ ಸಭೆಗಳ ಜೊತೆ ಸೇರಿ ಸಿಎಸ್‌ಐ ಆದ್ರು, ಸಿಎಸ್‌ಐನವರು ಕನ್ನಡದಲ್ಲಿ ಹೇಳೋದು ಸಭಾಪಾಲಕರು ಅಂತ, ಆ ಪದದಲ್ಲಿ ಅಮ್ಮಾವ್ರು ಮಕ್ಕಳು ಮನೆ ಎಲ್ಲಾ ಬರುತ್ತೆ. ಕ್ಯುರೇಟ್‌ಗೆ 'ಸಹಾಯಕ ಸಭಾಪಾಲಕ' ಅಂತ ಹಾಕ್ತಿದೀನಿ, ಆದ್ರೆ ಹುಡುಗಿ ಅವನನ್ನ ಕರೆಯೋವಾಗ ಅಷ್ಟುದ್ದ ಪದ ಬಾಯಲ್ಲಿ ನಿಲ್ಲಲ್ಲ. ಇದಕ್ಕೆ ಚಿಕ್ಕದೊಂದು ಬೇಕು.

'ಲಿವಿಂಗ್' ಬಗ್ಗೆ ನಂಗೆ ಅಷ್ಟು ಚಿಂತೆ ಇಲ್ಲ. ಊರಿನ ಚರ್ಚಿನ ಗುರು ಹುದ್ದೆ ಜಮೀನ್ದಾರನ ಕೈಲಿರುತ್ತೆ, ತನಗೆ ಬೇಕಾದವರನ್ನ ಅದಕ್ಕೆ ನೇಮಿಸ್ತಾನೆ, ನೇಮಕ ಆದವನಿಗೆ ಮನೆ, ಗದ್ದೆ, ದಶಮಾಂಶ ಎಲ್ಲಾ ಸಾಯೋವರೆಗೂ. ನಮ್ಮ 'ಉಂಬಳಿ' ಇದಕ್ಕೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಮಾಡೋ ಸೇವೆಗೆ ಉಣ್ಣೋಕೆ ಬಿಟ್ಟ ಭೂಮಿ. ಬರೀ ಭೂಮಿ ಅಲ್ಲ, ಹುದ್ದೆನೂ ಸೇರಿದೆ ಅಂತ ಒಂದು ಸಾಲು ವಿವರಿಸಿದ್ರೆ ಸಾಕು.

'ನಕಲು' ಮಾತ್ರ ತೊಂದರೆ ಕೊಡ್ತಿದೆ. ಈ ಕಥೆಗಳಲ್ಲಿ ಚರ್ಚಿನ ಮದುವೆ ರಿಜಿಸ್ಟರಿನ ಒಂದು ಹಾಳೆ ಕಾಣೆಯಾಗಿರುತ್ತೆ, ಮಗ ನ್ಯಾಯವಾಗಿ ಹುಟ್ಟಿದವನೋ ಅಲ್ಲವೋ, ಆಸ್ತಿ ಯಾರಿಗೆ ಅನ್ನೋದೆಲ್ಲಾ ಆ ಹಾಳೆ ಮೇಲೆ. ಅಲ್ಲಿ ಚರ್ಚಿನ ರಿಜಿಸ್ಟರ್ 1538ರಿಂದಲೇ ಇತ್ತು, 1812ರ ಕಾಯಿದೆ ಬಂದಮೇಲೆ ಅಚ್ಚಾದ ಪುಸ್ತಕದಲ್ಲಿ ಬರೆದು ಕಬ್ಬಿಣದ ಪೆಟ್ಟಿಗೆಲಿ ಇಡಬೇಕಿತ್ತು, ವರ್ಷಕ್ಕೊಂದ್ಸಲ ಅದರ ಪ್ರತಿ ಬಿಷಪ್ ಕಚೇರಿಗೆ ಹೋಗ್ತಿತ್ತು. ಹಾಳೆ ಹರಿದವನು ಈ ಪ್ರತಿಯನ್ನ ಮರೆತಿರ್ತಾನೆ! ಇದನ್ನ 'ನಕಲು' ಅಂತ ಬರೆದ್ರೆ ಸುಳ್ಳು ದಾಖಲೆ ಅಂತ ಓದಿ ಕಥೆ ತಲೆಕೆಳಗಾಗುತ್ತೆ, ಅದಕ್ಕೆ 'ಪ್ರತಿ' ಅಂತಲೇ ಉಳಿಸ್ಕೊಂಡಿದೀನಿ. ಕಂದಾಯ ಇಲಾಖೆಲಿ ಕೆಲಸ ಮಾಡಿದವರು ಬೇರೆ ಪದ ಬಳಸ್ತಿದ್ರೆ ಹೇಳಿ.

ಪ್ರಕಾರದ ಹೆಸರಿಗೂ ಒಂದು ಮಾತು. 'ಪ್ರಣಯ ಕಾದಂಬರಿ' ಅಂದ್ರೆ ಓದುಗರು ಬೇರೆ ಏನೋ ನಿರೀಕ್ಷೆ ಮಾಡ್ತಾರೆ, 'ಪತ್ತೇದಾರಿ' ಅಂದ್ರೆ ಒಬ್ಬ ಪತ್ತೇದಾರ ಬರಲೇಬೇಕು ಅಂತಾರೆ. 'ಗುಟ್ಟಿನ ಎಳೆ ಇರೋ ಐತಿಹಾಸಿಕ ಪ್ರೇಮಕಥೆ' ಅಂತ ಬರೀತಿದೀನಿ. ಪ್ರಾವಿಡೆನ್ಸ್‌ಗೆ, ಅಂದ್ರೆ ಎಲ್ಲಾ ದೇವರೇ ನಡೆಸ್ತಾನೆ ಅನ್ನೋದಕ್ಕೆ, 'ದೈವ' ಹಾಕಿಲ್ಲ, ತುಳುನಾಡಿನವರಿಗೆ ಅದು ಭೂತಾರಾಧನೆಯ ದೈವ. ಕ್ರೈಸ್ತರ ಮನೆಮಾತಲ್ಲಿ ಬರೋ 'ದೇವರ ಚಿತ್ತ'ನೇ ಬೆಚ್ಚಗಿದೆ.

ಸಿಎಸ್‌ಐ ಸಭೆಗಳಲ್ಲಿ ಬೆಳೆದವರು, ಧಾರವಾಡ, ಮೈಸೂರು, ಉಡುಪಿ ಎಲ್ಲಿಯವರಾದ್ರೂ ಸರಿ, ನಿಮ್ಮಲ್ಲಿ ಮದುವೆ ಹೆಸರುಗಳನ್ನ ಆರಾಧನೆ ಮಧ್ಯೆ ಓದೋವಾಗ ಹಿರಿಯರು ಅದಕ್ಕೆ ಏನಂತಿದ್ರು? ಓದೋ ವಾಕ್ಯ ಹೇಗಿರ್ತಿತ್ತೋ ನೆನಪಿದ್ದಷ್ಟು ಬರೀರಿ, ಕ್ಯಾಥೊಲಿಕರದ್ದೂ ಬೇಕು, ಕೊಂಕಣಿಲಾದ್ರೂ ಪರವಾಗಿಲ್ಲ.