ಕೈಯಲ್ಲೇ ಚೌಕುಳಿ ಎಳೆಸಿ ಕನ್ನಡ ಅಕ್ಷರ ಬರೆಸಿದವರು ಇದ್ದೀರಾ? ಅನುಭವ ಹೇಳಿ

ಶನಿವಾರದ ಮೇಷ್ಟ್ರು:

ಒಂದು ಕಾಲೇಜಿನಲ್ಲಿ ಶನಿವಾರ ಮಾತ್ರ ಅಕ್ಷರ ವಿನ್ಯಾಸದ ಕ್ಲಾಸ್ ತೆಗೆದುಕೊಳ್ಳುತ್ತೇನೆ. 22 ಮಕ್ಕಳು, ಎರಡೆರಡು ಗಂಟೆಯ ನಾಲ್ಕು ಕ್ಲಾಸ್, ಖರ್ಚಿಗೆ ದುಡ್ಡು ಇಲ್ಲ ಅಂತಲೇ ಇಟ್ಟುಕೊಳ್ಳಿ. ಹೊಸ ಥರ ಅಕ್ಷರ ಮಾಡಿ ಅಂದರೆ ಎಲ್ಲರೂ ಮೊಬೈಲ್ ತೆಗೆದು ಯಾವುದೋ ಫಾಂಟ್ ಆರಿಸಿ, ಅದಕ್ಕೊಂದು ನೆರಳು ಕೊಟ್ಟು, ಮುಗೀತು ಸರ್ ಅನ್ನುತ್ತಾರೆ. ಅದಕ್ಕೇ ಹೋದ ವರ್ಷ ಚೌಕುಳಿ ಹಾಳೆ ಪ್ರಿಂಟ್ ಹಾಕಿಸಿ ಒಬ್ಬೊಬ್ಬರಿಗೆ ಒಂದು ಕೊಟ್ಟೆ. ಮನೆ ತುಂಬಿಸಿ ಅಕ್ಷರ ಮಾಡಿ ಅಂತ. ಬಂದದ್ದು ಏನು ಗೊತ್ತಾ? 22 ಹಾಳೆಯಲ್ಲೂ ಹೆಚ್ಚುಕಮ್ಮಿ ಒಂದೇ ಅಕ್ಷರ. ಬಸ್ಸಿನ ಎಲ್‌ಇಡಿ ಬೋರ್ಡಿನಿಂದ ಕಿತ್ತು ತಂದ ಹಾಗಿತ್ತು. ಈ ಸಲ ಚೌಕುಳಿಯನ್ನೇ ಅವರ ಕೈಯಲ್ಲಿ ಎಳೆಸೋಣ ಅಂತ ಯೋಚನೆ. ಅದರಿಂದ ನಿಜಕ್ಕೂ ಏನಾದರೂ ಬದಲಾಗುತ್ತಾ, ಅಥವಾ ಸುಮ್ನೆ ಒಂದು ಗಂಟೆ ಗೆರೆ ಎಳೆಯೋದರಲ್ಲೇ ಹೋಗುತ್ತಾ? ಯಾವ ಪದ ಕೊಡಲಿ? ಮಾಡಿ ನೋಡಿದವರು ಹೇಳಿ.

ಸೀಮೆಸುಣ್ಣ:

ಮೇಷ್ಟ್ರೇ, ತಪ್ಪು ಮಕ್ಕಳದ್ದಲ್ಲ, ನೀವು ಕೊಟ್ಟ ಹಾಳೆಯದ್ದು. ಒಂದೇ ಅಚ್ಚಿನಲ್ಲಿ 22 ಇಡ್ಲಿ ಬೇಯಿಸಿದರೆ 22 ಥರ ಬರುತ್ತಾ?

ನಾನು ಹಾಸನದವಳು, ಬೆಂಗಳೂರಿನಲ್ಲಿ ಪುಸ್ತಕದ ಮುಖಪುಟ ಮಾಡುತ್ತೇನೆ. ನನಗೆ ಈ ವಿದ್ಯೆ ಬಂದದ್ದು ಕಾಲೇಜಿನಿಂದಲ್ಲ, ಮನೆ ಅಂಗಳದಿಂದ. ಚುಕ್ಕಿ ರಂಗೋಲಿ ಅಂದರೆ ಮತ್ತೇನು, ದಿನಾ ಬೆಳಿಗ್ಗೆ ಕೈಯಲ್ಲೇ ಹಾಕುವ ಗ್ರಿಡ್ಡು. ಅದರಲ್ಲಿ ಎರಡು ಜಾತಿ. ನೇರ ಚುಕ್ಕಿಯಲ್ಲಿ ಸಾಲುಗಳು ಒಂದರ ಕೆಳಗೆ ಒಂದು ಬರುತ್ತವೆ, ಅದು ನಿಮ್ಮ ಚೌಕುಳಿ. ಸಂದು ಚುಕ್ಕಿಯಲ್ಲಿ ಮೇಲಿನ ಎರಡು ಚುಕ್ಕಿಯ ಸಂದಿಗೆ ಕೆಳಗಿನದು ಬರುತ್ತೆ. 15ರಿಂದ 8 ಅಂತಾರಲ್ಲ, ನಡುವಿನ ಸಾಲು 15, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಮ್ಮಿ ಮಾಡುತ್ತಾ 8ಕ್ಕೆ ನಿಲ್ಲಿಸೋದು, ಒಟ್ಟು 169 ಚುಕ್ಕಿ. ಒಂದು ಅಕ್ಷರಕ್ಕೆ ಅಷ್ಟು ಬೇಡ, 7ರಿಂದ 4 ಸಾಕು, 37 ಚುಕ್ಕಿ. ಸಂದು ಚುಕ್ಕಿಯಲ್ಲಿ ಅಡ್ಡ ಗೆರೆ ಸಿಗುತ್ತೆ, ಎರಡು ಕಡೆಗೂ ಓರೆ ಗೆರೆ ಸಿಗುತ್ತೆ, ಆದರೆ ನೆಟ್ಟಗಿನ ಗೆರೆ ಸುಲಭಕ್ಕೆ ಸಿಗಲ್ಲ. ಅಲ್ಲೇ ಮಜಾ ಶುರು. ಕ ಬರೆಯೋಕೆ ಹೋಗಿ ನೋಡಿ. ನಡುವಿನ ಅಡ್ಡಗೆರೆ ಕೂರುತ್ತೆ, ಹೊಟ್ಟೆ ಆರು ಮೂಲೆ ಆಗುತ್ತೆ, ತಲೆಕಟ್ಟು ಎಲ್ಲಿ ಹಾಕಲಿ ಅಂತ ಕೈ ನಿಲ್ಲುತ್ತೆ. ಕೈ ಹಾಗೆ ನಿಂತಾಗಲೇ ಮಕ್ಕಳು ಮೊದಲ ಸಲ ತಲೆಕಟ್ಟನ್ನು ಕಣ್ಣುಬಿಟ್ಟು ನೋಡೋದು.

ಸ್ಕೇಲ್ ಕೊಡಬೇಡಿ. ಚುಕ್ಕಿ ಸ್ವಲ್ಪ ಸೊಟ್ಟ ಬೀಳಲಿ. ಸೊಟ್ಟ ಬಿದ್ದ ಕಡೆ ಅಕ್ಷರವೂ ಹೊಂದಿಕೊಳ್ಳಬೇಕಾಗುತ್ತೆ, ಆಗ ಒಬ್ಬರದ್ದು ಇನ್ನೊಬ್ಬರ ಹಾಗೆ ಆಗೋದೇ ಇಲ್ಲ.

ಬೋರ್ಡ್ ಮನೆ ಹುಡುಗ:

ಅಕ್ಕ ಹೇಳಿದ್ದು ಸರಿ, ಆದರೆ ಸ್ಕೇಲ್ ಬೇಡ ಅನ್ನೋದು ಮಾತ್ರ ನಾನು ಒಪ್ಪಲ್ಲ. ನಮ್ಮಪ್ಪ ಮೂವತ್ತು ವರ್ಷ ಬೋರ್ಡ್ ಬರೆದವರು. ಗೋಡೆ ಮೇಲೆ ಬರೆಯೋ ಮೊದಲು ದಾರಕ್ಕೆ ಬಣ್ಣದ ಪುಡಿ ಸವರಿ, ಈ ತುದಿ ನಾನು ಹಿಡಿದು ಆ ತುದಿ ಅವರು ಹಿಡಿದು, ನಡುವೆ ಎಳೆದು ಟಪ್ ಅಂತ ಬಿಡೋರು. ಗೋಡೆ ಮೇಲೆ ನೇರ ಗೆರೆ. ದೊಡ್ಡ ಚಿತ್ರ ಇದ್ದರೆ ಫೋಟೋ ಮೇಲೆ ಸಣ್ಣ ಚೌಕ, ಗೋಡೆ ಮೇಲೆ ದೊಡ್ಡ ಚೌಕ, ಒಂದೊಂದೇ ಮನೆ ನೋಡಿಕೊಂಡು ಇಳಿಸೋದು. ಸಿನಿಮಾ ಬ್ಯಾನರ್ ಬರೆಯೋರೂ ಹೀಗೇ ಮಾಡ್ತಿದ್ದರು.

ನಾನು ಹೇಳೋಕೆ ಬಂದದ್ದು ಬೇರೆ. ಚೌಕುಳಿ ಎಳೆಯುವಾಗ ಜನ ಮಾಡುವ ದೊಡ್ಡ ತಪ್ಪು ಅಂದರೆ ಇಂಗ್ಲಿಷ್ ಕಾಪಿ ಪುಸ್ತಕದ ನಾಲ್ಕು ಗೆರೆ ತಲೆಯಲ್ಲಿ ಇಟ್ಟುಕೊಂಡು ಎಳೆಯೋದು. ಕನ್ನಡಕ್ಕೆ ಕೆಳಗೆ ಒತ್ತು ಇದೆ ಸ್ವಾಮಿ! ಅಪ್ಪ ಎತ್ತರವನ್ನು ಏಳು ಪಾಲು ಮಾಡೋರು. ಮೇಲೆ ಒಂದು ಪಾಲು, ಗುಡಿಸಿಗೂ ತಲೆಕಟ್ಟಿಗೂ. ನಡುವೆ ನಾಲ್ಕು ಅಕ್ಷರದ ಮೈಗೆ. ಕೆಳಗೆ ಎರಡು ಒತ್ತಿಗೆ. "ಒತ್ತಿಗೆ ಜಾಗ ಇಟ್ಟು ಆಮೇಲೆ ಅಕ್ಷರ ಶುರು ಮಾಡು" ಅನ್ನೋರು. ನಾನು ಒಂದು ಸಲ ಕೇಳಲಿಲ್ಲ. ಒಂದು ಅಂಗಡಿಗೆ ಬೋರ್ಡ್ ಬರೆದೆ, ಹೆಸರಿನ ಕೊನೆಗೆ 'ಸ್ಟೋರ್ಸ್' ಇತ್ತು. ಸ್ಟೋ ಕೆಳಗಿನ ಟ ಒತ್ತು ಸೀದಾ ಹೋಗಿ ಫೋನ್ ನಂಬರಿನ ಮೇಲೆ ಕೂತಿತು. ನಂಬರಿನಲ್ಲಿದ್ದ ಸೊನ್ನೆ ಯಾವುದು ಒತ್ತು ಯಾವುದು ಗೊತ್ತಾಗಲಿಲ್ಲ. ಅಂಗಡಿಯವರು ಅರ್ಧ ದುಡ್ಡು ಹಿಡಿದುಕೊಂಡರು, ನ್ಯಾಯವೇ ಬಿಡಿ.

ಅದಕ್ಕೇ ಪದ ಕೊಡುವಾಗ ಒತ್ತು ಇರೋದನ್ನೇ ಕೊಡಿ. ರಾಷ್ಟ್ರ, ಸ್ತ್ರೀ, ಮೈತ್ರಿ. ದಯವಿಟ್ಟು 'ಕನ್ನಡ' ಕೊಡಬೇಡಿ, ಅದನ್ನು ನವೆಂಬರ್ ತಿಂಗಳಲ್ಲಿ ಟೀ ಶರ್ಟ್ ಮೇಲೆ ನೋಡಿ ನೋಡಿ ಅವರ ಕೈ ತಾನಾಗೇ ಅದೇ ಆಕಾರಕ್ಕೆ ಹೋಗುತ್ತೆ.

ದುಂಡಕ್ಷರ:

ಎಲ್ಲರೂ ಗೆರೆ ಗೆರೆ ಅಂತಿದ್ದೀರಿ, ಒಂದು ತಕರಾರು. ಕನ್ನಡ ದುಂಡು ಲಿಪಿ. ತಾಳೆಗರಿ ಮೇಲೆ ಕಂಟದಲ್ಲಿ (ಕೊರೆದು ಬರೆಯುವ ಮೊನೆಯ ಕಡ್ಡಿ) ನೇರ ಗೆರೆ ಎಳೆದರೆ ಗರಿ ಸೀಳುತ್ತೆ ಅಂತಲೇ ದುಂಡಗಾಯಿತು ಅನ್ನುವ ಮಾತೂ ಇದೆ. ಅಂಥ ಲಿಪಿಯನ್ನು ಚೌಕದಲ್ಲಿ ಕೂರಿಸೋದು ಅಂದರೆ ಬೆಕ್ಕನ್ನು ಬೆಂಕಿಪೊಟ್ಟಣದಲ್ಲಿ ಕೂರಿಸಿದ ಹಾಗೆ. ನನ್ನ ಕ್ಲಾಸಿನಲ್ಲಿ ನಾನು ಮೊದಲ ದಿನ ಚೌಕುಳಿ ಮುಟ್ಟಿಸೋದೇ ಇಲ್ಲ. ಐಸ್‌ಕ್ರೀಂ ಕಡ್ಡಿ ಇಂಕಿನಲ್ಲಿ ಅದ್ದಿ ಹಳೇ ಪೇಪರ್ ಮೇಲೆ ದೊಡ್ಡದಾಗಿ ಬರೆಸುತ್ತೇನೆ, ಕೈಗೆ ಅಕ್ಷರದ ತಿರುವು ಗೊತ್ತಾಗಲಿ ಅಂತ.

ಎರಡನೇ ದಿನ ಗ್ರಿಡ್. ಆದರೆ ಬಳೆಯಲ್ಲಿ! ಮನೆಯಿಂದ 2-4, 2-6, 2-8 ಅಳತೆಯ ಬಳೆ ತರೋಕೆ ಹೇಳುತ್ತೇನೆ. ಒಂದಕ್ಕೊಂದು ತಾಗುವ ಹಾಗೆ, ಒಂದರ ಮೇಲೊಂದು ಹಾಯುವ ಹಾಗೆ ಹಾಳೆ ತುಂಬ ಪೆನ್ಸಿಲ್ಲಿನಲ್ಲಿ ಸುತ್ತು ಎಳೆಯೋದು. ಬೇಕಾದ ಕಮಾನು ಮಾತ್ರ ಆರಿಸಿ ಮಾರ್ಕರ್‌ನಿಂದ ದಪ್ಪ ಮಾಡೋದು. ರ, ಠ, ಲ ಎಲ್ಲ ಹೂವಿನ ಹಾಗೆ ಬರುತ್ತವೆ. ಕ ಮಾತ್ರ ಕಣ್ಣೀರು ಹಾಕಿಸುತ್ತೆ. ಹಾಕಿಸಲಿ.

ಸೀಮೆಸುಣ್ಣ:

ಬಳೆ ಐಡಿಯಾ ಕದ್ದೆ 😄

ದೂರದ ಕನ್ನಡಿಗ:

ನಾನು ನೆದರ್ಲ್ಯಾಂಡ್ಸ್‌ನಲ್ಲಿ ಇರೋದು, ಕೆಲಸ ಪ್ಯಾಕೇಜಿಂಗ್ ಡಿಸೈನ್. ಇಲ್ಲಿಯವರೇ ಆದ ಗ್ರಾಫಿಕ್ ಡಿಸೈನರ್ ವಿಮ್ ಕ್ರೌವೆಲ್ ಅವರ ಕೆಲಸವನ್ನು ಮಕ್ಕಳಿಗೆ ತೋರಿಸಿ, ಒಂದೇ ಒಂದು ಹಾಳೆ ಸಾಕು. ಗ್ರಿಡ್ ಹುಚ್ಚಿಗೆ ಅವರನ್ನು ಜನ 'ಮಿಸ್ಟರ್ ಗ್ರಿಡ್ನಿಕ್' ಅಂತಲೇ ಕರೆಯೋರು. 1967ರಲ್ಲಿ ಅವರು 'ನ್ಯೂ ಆಲ್ಫಬೆಟ್' ಅಂತ ಒಂದು ಅಕ್ಷರಮಾಲೆ ಮಾಡಿದರು. ಆಗ ತಾನೇ ಬಂದಿದ್ದ ಎಲೆಕ್ಟ್ರಾನಿಕ್ ಅಕ್ಷರ ಜೋಡಣೆ ಯಂತ್ರಗಳ ಪರದೆ ಮೇಲೆ ದುಂಡು ಭಾಗಗಳೆಲ್ಲ ಹಲ್ಲುಹಲ್ಲಾಗಿ ಕಾಣುತ್ತಿದ್ದವು. ಯಂತ್ರವನ್ನು ಸರಿಮಾಡಿ ಅನ್ನುವ ಬದಲು ಅವರು ದುಂಡನ್ನೇ ಬಿಟ್ಟರು. ಬರೀ ಅಡ್ಡ ಗೆರೆ, ಉದ್ದ ಗೆರೆ, ಮೂಲೆಗೆ 45 ಡಿಗ್ರಿಯ ಸಣ್ಣ ಓರೆ ಕಡಿತ. ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಹಾಗಾದರೆ ಅಗಲದ ಎಂ ಹೇಗೆ? ಎನ್ ಬರೆದು ಕೆಳಗೆ ಒಂದು ಗೆರೆ. ಅರ್ಧ ಅಕ್ಷರ ಓದೋಕೇ ಬರಲ್ಲ! ಇದು ನಿಜವಾದ ಬಳಕೆಗೆ ಅಂತ ಮಾಡಿದ್ದಲ್ಲ ಅಂತ ಅವರೇ ಹೇಳಿದ್ದರು. ಮರುವರ್ಷ, 1968ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸ್ಟೆಡಲೆಕ್ ಮ್ಯೂಸಿಯಂನ 'ವೋರ್ಮ್‌ಖೇವರ್ಸ್' (ಅಂದರೆ ಡಿಸೈನರ್‌ಗಳು) ಪ್ರದರ್ಶನಕ್ಕೆ ಮಾಡಿದ ಪೋಸ್ಟರಿನಲ್ಲಿ ಗ್ರಿಡ್ಡಿನ ಗೆರೆಗಳನ್ನೂ ಅಳಿಸದೆ ಹಾಗೇ ಪ್ರಿಂಟ್ ಮಾಡಿಸಿದರು. ಅದನ್ನು ನೋಡಿದ ಮೇಲೆ ನನಗೆ ಪೆನ್ಸಿಲ್ ಗೆರೆ ಅಳಿಸುವ ಚಟ ಬಿಟ್ಟುಹೋಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಿಂಟ್ ಹಾಳೆಯಲ್ಲಿ ಚೌಕ ಇತ್ತು, ಹಟ ಇರಲಿಲ್ಲ. ಮಕ್ಕಳಿಗೆ ಗ್ರಿಡ್ ಎಳೆದ ಮೇಲೆ ತಮಗೆ ತಾವೇ ಒಂದು ನಿಯಮ ಬರೆದುಕೊಳ್ಳೋಕೆ ಹೇಳಿ. 'ಓರೆ ಗೆರೆ ಇಲ್ಲ', 'ಪೆನ್ ಎತ್ತುವ ಹಾಗಿಲ್ಲ', 'ಪ್ರತಿ ಅಕ್ಷರಕ್ಕೂ ಐದೇ ತುಂಡು', ಹೀಗೆ. ಹಾಳೆಯ ಮೂಲೆಯಲ್ಲೇ ಬರೆಯಲಿ. ನಿಯಮ ಮುರಿದರೆ ಎಲ್ಲಿ ಮುರಿದೆ ಅಂತ ಗುರುತು ಹಾಕಲಿ.

ಜೊತೆಗೆ ಒಂದು ಎಚ್ಚರಿಕೆ. ನಮ್ಮ ಲಿಪಿಯಲ್ಲಿ ಚಿಕ್ಕ ಗುರುತಿಗೂ ಅರ್ಥ ಇದೆ. ದ ಕೆಳಗೆ ಒಂದು ಸೀಳು ಬಿದ್ದರೆ ಧ, ಅದರೊಳಗೆ ಚುಕ್ಕಿ ಬಿದ್ದರೆ ಥ. ಗ್ರಿಡ್ ದಪ್ಪ ಆದಷ್ಟೂ ಈ ಸೀಳು ಮೊದಲು ಸಾಯುತ್ತೆ. ಡ ಢ, ಬ ಭ, ಪ ಫ, ಇವನ್ನು ಪಕ್ಕಪಕ್ಕ ಬರೆಸಿ ಪರೀಕ್ಷೆ ಮಾಡಿ. ನಾನು ಐದು ಮನೆ ಅಗಲದ ಗ್ರಿಡ್ಡಿನಲ್ಲಿ 'ಧನ' ಬರೆದು ಅಮ್ಮನಿಗೆ ಕಳಿಸಿದೆ. ಅಮ್ಮ ವಾಪಸ್ ಕೇಳಿದಳು, "ಯಾವ ದನ, ಆಕಳಾ ಎಮ್ಮೆಯಾ?"

ಧಾರವಾಡದ ಸೂಜಿ:

ಮೇಷ್ಟ್ರ, ಇಷ್ಟೆಲ್ಲಾ ಹೇಳಿದರು, ಕಸೂತಿ ಒಬ್ಬರಿಗೂ ನೆನಪಾಗಲಿಲ್ಲ ನೋಡ್ರಿ. ನಮ್ಮ ಕಡೆ ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕುವುದು, ಅಂದರೆ ನೇಯ್ಗೆಯೇ ಗ್ರಿಡ್. ಹೊಲಿಗೆ ನಾಲ್ಕು ಥರ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಗಂಟು ಹಾಕುವುದಿಲ್ಲ. ಒಂದು ಎಳೆ ಬಿಟ್ಟು ಒಂದು ಹೊಲಿಯುತ್ತಾ ಮುಂದೆ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತಾ ತಿರುಗಿ ಬರಬೇಕು. ಮುಗಿದಾಗ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ.

ನನ್ನ ಮಗಳು 'ಅಜ್ಜಿ' ಅಂತ ಗವಂತಿಯಲ್ಲಿ ಹಾಕಲು ಕೂತಳು. ಮೊದಲು ಚೌಕುಳಿ ಪುಸ್ತಕದಲ್ಲಿ ಬರೆದುಕೊಂಡಳು, ಸರಿಯಾಗಿಯೇ ಬಂತು. ಬಟ್ಟೆಗೆ ಇಳಿಸುವಾಗ ಸಿಕ್ಕಿಬಿದ್ದಳು. ಜ ಒತ್ತು ಅಕ್ಷರದಿಂದ ಬೇರೆ ಇದೆಯಲ್ಲ, ದಾರ ಅಲ್ಲಿಗೆ ಹೋಗುವುದು ಹೇಗೆ? ಕತ್ತರಿಸಿ ಹೊಸದಾಗಿ ಶುರು ಮಾಡು ಅಂದೆ. ಅವಳು ಕೇಳಲಿಲ್ಲ. ಜಿ ಬುಡದಿಂದ ಮೂರು ಮೆಟ್ಟಿಲು ಇಳಿಸಿ ಒತ್ತಿಗೆ ಸೇರಿಸಿಬಿಟ್ಟಳು. ಒತ್ತು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತೂಗಾಡುತ್ತದೆ. ಇಷ್ಟು ವರ್ಷ ಅಕ್ಷರ ನೋಡಿದ್ದೇನೆ, ಒತ್ತನ್ನು ಹೀಗೆ ಕಟ್ಟಬಹುದು ಅಂತ ನನಗೆ ಹೊಳೆದಿರಲಿಲ್ಲ. ಹಿಂದೆ ತಿರುಗಿಸಿದರೆ ಅದೇ 'ಅಜ್ಜಿ' ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಎರಡೂ ಕಡೆ ನೋಡಬೇಕು ಅಂತ ಅಜ್ಜಿ ಫ್ರೇಮ್ ಹಾಕಿಸಲು ಬಿಡಲಿಲ್ಲ.

ನಿಮ್ಮ ಹುಡುಗರಿಗೆ ಸೂಜಿ ಬೇಡ ಅನ್ನಿಸಿದರೆ, ಎಳೆ ದಪ್ಪ ಇರುವ ಗೋಣಿಚೀಲ ಮತ್ತು ಉಲ್ಲನ್ ದಾರ ಕೊಡಿರಿ. ದಪ್ಪ ಸೂಜಿ ಸಾಕು.

ಶನಿವಾರದ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೊದಲ ಕ್ಲಾಸ್ ಆಯಿತು, ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಮೊಬೈಲ್ ಎಲ್ಲ ಒಂದು ಬುಟ್ಟಿಗೆ ಹಾಕಿಸಿದೆ. ಐಸ್‌ಕ್ರೀಂ ಕಡ್ಡಿ ಅರ್ಧ ಗಂಟೆ, ಗಲಾಟೆಯೋ ಗಲಾಟೆ, ಇಬ್ಬರ ಅಂಗಿಗೆ ಇಂಕು. ಆಮೇಲೆ ಸಂದು ಚುಕ್ಕಿ, 7ರಿಂದ 4, ಸ್ಕೇಲ್ ಇಲ್ಲದೆ. ಹುಡುಗಿಯರಲ್ಲಿ ಎಂಟು ಜನಕ್ಕೆ ಆಗಲೇ ಗೊತ್ತಿತ್ತು, ಅವರೇ ಹುಡುಗರಿಗೆ ಕಲಿಸಿದರು, ನಾನು ಸುಮ್ಮನೆ ಓಡಾಡಿಕೊಂಡಿದ್ದೆ. ಗ್ರಿಡ್ ಎಳೆಯೋಕೆ ಹೋದ ಸಮಯ ಬರೀ ಹತ್ತು ನಿಮಿಷ, ನನ್ನ ಭಯ ಸುಳ್ಳಾಯಿತು. ನಿಯಮ ಬರೆದುಕೊಳ್ಳಿ ಅಂದದ್ದು ಮಾತ್ರ ಅಷ್ಟು ಕೆಲಸ ಮಾಡಲಿಲ್ಲ. ಅರ್ಧ ಜನ 'ಚೆನ್ನಾಗಿ ಬರೆಯಬೇಕು' ಅಂತ ಬರೆದಿದ್ದಾರೆ! ಮುಂದಿನ ವಾರ ನಾನೇ ಚೀಟಿ ಮಾಡಿ ಎತ್ತಿಸುತ್ತೇನೆ.

ಮೊದಲ ದಿನ ಒತ್ತು ಬೇಡ ಅಂತ 'ಮರ' ಕೊಟ್ಟಿದ್ದೆ. ಒಬ್ಬ ಹುಡುಗ ಬಹಳ ಚೆನ್ನಾಗಿ ಮಾಡಿದ. ರ ಅಕ್ಷರಕ್ಕೆ ಆರು ಚುಕ್ಕಿ ಸುತ್ತಿ, ಮೇಲೆ ತಲೆಕಟ್ಟು. ಚುಕ್ಕಿ ಅಳಿಸಬೇಡಿ ಅಂತ ನಾನೇ ಹೇಳಿದ್ದೆ, ಆ ಡಚ್ ಪೋಸ್ಟರಿನ ಕಥೆ ಕೇಳಿ. ಗೋಡೆಗೆ ಅಂಟಿಸಿದ ಮೇಲೆ ಇಡೀ ಕ್ಲಾಸು ಒಂದೇ ದನಿಯಲ್ಲಿ 'ಮಠ' ಅಂತ ಓದಿತು. ಆರು ಚುಕ್ಕಿಯ ನಡುವೆ ಏಳನೆಯದು ಉಳಿದಿತ್ತು! ಇಂಟರ್ನೆಟ್ಟಿನಲ್ಲಿ ಲೋಕವೆಲ್ಲ ಸಿಟ್ಟಿನ ಕಣ್ಣು ಅಂತ ಬಳಸುತ್ತಲ್ಲ ನಮ್ಮ ಠ, ಥೇಟ್ ಹಾಗೇ ಗೋಡೆಯಿಂದ ನನ್ನನ್ನೇ ನೋಡುತ್ತಿತ್ತು. ಹುಡುಗನಿಗೆ ಬೇಜಾರಾಗಿ ಹಾಳೆ ಕಿತ್ತುಕೊಂಡು ಹೋಗಿ ಕೂತ. ಹತ್ತು ನಿಮಿಷ ಬಿಟ್ಟು ನೋಡಿದರೆ ರ ಅಕ್ಷರವನ್ನು ಒಂದು ಸಾಲು ದೊಡ್ಡದು ಮಾಡಿ, ಒಳಗೆ ಬಿದ್ದ ಚುಕ್ಕಿಗಳನ್ನೆಲ್ಲ ಸೇರಿಸಿ ಒಂದು ಎಲೆ ಮಾಡಿದ್ದಾನೆ. ಈಗ ಮರ ಅಂತಲೂ ಓದಬಹುದು, ಮಠ ಅಂತಲೂ ಓದಬಹುದು. ಇದನ್ನು ಸರಿ ಅನ್ನಲಾ ತಪ್ಪು ಅನ್ನಲಾ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಮುಂದಿನ ಶನಿವಾರ ಏಳು ಪಾಲು ಮತ್ತು 'ರಾಷ್ಟ್ರ'. ಬಳೆ ಅದರ ಮುಂದಿನ ವಾರ. ಗೋಣಿಚೀಲ ಎಲ್ಲಿ ಸಿಗುತ್ತೆ ಅಂತ ಎಪಿಎಂಸಿ ಕಡೆ ವಿಚಾರಿಸುತ್ತಿದ್ದೇನೆ.

ಬೋರ್ಡ್ ಮನೆ ಹುಡುಗ:

ರಾಷ್ಟ್ರಕ್ಕೆ ಕೆಳಗೆ ಎರಡು ಪಾಲು ಸಾಲಲ್ಲ ಸರ್, ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು. ಮೂರು ಬಿಡಿ.

ಸೀಮೆಸುಣ್ಣ:

ಆ ಮಠದ ಹಾಳೆ ಎಲ್ಲಿದೆ ಮೇಷ್ಟ್ರೇ, ಮೊದಲು ಫೋಟೋ ಹಾಕಿ.