ಮನೆಯೊಳಗೇ ಇರುವ ನಾಯಿಗೆ ಚಿಗಟ, ಔಷಧಿ ಹಾಕಿದರೂ ಹೋಗುತ್ತಿಲ್ಲ (ಕಾರವಾರ)

ಕೋಡಿಬಾಗ್: ನಮ್ಮ ಲ್ಯಾಬ್ರಡಾರ್ ಅಂಗಳ ದಾಟುವುದೇ ಅಪರೂಪ. ಆದರೂ ಮಳೆ ಹಿಡಿದ ಮೇಲೆ ಚಿಗಟ ಬಿಡುತ್ತಲೇ ಇಲ್ಲ. ಬೆನ್ನಿಗೆ ಬಿಡುವ ಔಷಧಿ ಹಾಕಿ ಆಯ್ತು. ನಾಲ್ಕು ದಿನ ಕಡಿಮೆ, ಮತ್ತೆ ಕೆರೆತ. ಬಾಲದ ಬುಡದಲ್ಲಿ ಕೂದಲು ಉದುರಿದೆ, ನೋಡಲು ಆಗುತ್ತಿಲ್ಲ. ಏನು ಮಾಡಲಿ?

ಶಿರಸಿ ತೋಟ: ಬೆನ್ನಿಗೆ ಬಿಟ್ಟ ಔಷಧಿ ಫಿಪ್ರೊನಿಲ್ಲಾ? ಸ್ನಾನ ಯಾವಾಗ ಮಾಡಿಸಿದ್ರಿ? ಹಿಂದೆ ಎರಡು ದಿನ, ಮುಂದೆ ಎರಡು ದಿನ ಸ್ನಾನ ಬೇಡ. ಕೂದಲು ಬಿಡಿಸಿ ಚರ್ಮಕ್ಕೇ ಬಿಡಬೇಕು.

ಕೋಡಿಬಾಗ್: ಫಿಪ್ರೊನಿಲ್ಲೇ. ಸ್ನಾನ ಮಾಡಿಸಿಲ್ಲ.

ಶಿರಸಿ ತೋಟ: ಮಳೆಯಲ್ಲಿ ನೆನೆದಿರಬೇಕು. ಶಾಂಪೂ ಯಾವುದು?

ಕೋಡಿಬಾಗ್: ಮಳೆಯಲ್ಲೂ ನೆನೆದಿಲ್ಲ, ಸ್ನಾನವೇ ಇಲ್ಲ ಅಂದೆನಲ್ಲ.

ವಿಜಯಪುರ: ಬೇವಿನೆಣ್ಣೆ ಹಚ್ಚಿ. ನಮ್ಮಲ್ಲಿ ಬೇಸಿಗೆಯಲ್ಲಿ ಒಂದು ಚಿಗಟವೂ ಕಾಣುವುದಿಲ್ಲ.

ಅಂಕೋಲಾ: ಅದು ಎಣ್ಣೆಯ ಗುಣ ಅಲ್ಲ, ನಿಮ್ಮೂರ ಒಣ ಗಾಳಿ. ತೇವಾಂಶ ಶೇ. 50ಕ್ಕಿಂತ ಕೆಳಗಿಳಿದರೆ ಚಿಗಟದ ಮರಿಹುಳು ಬದುಕುವುದಿಲ್ಲ. ಕಾರವಾರದಲ್ಲಿ ಅಷ್ಟು ಒಣಹವೆ ಎಲ್ಲಿ? ಕರಾವಳಿಯಲ್ಲಿ ವರ್ಷವಿಡೀ ಔಷಧಿ ಬೇಕು. ಕೋಡಿಬಾಗ್ ಅವರೇ, ನಾಯಿ ಮಲಗುವುದೆಲ್ಲಿ? ಮೊಟ್ಟೆ ಮೈಮೇಲೆ ನಿಲ್ಲುವುದಿಲ್ಲ. ಉದುರಿ ಚಾಪೆ, ಸೋಫಾ ಸಂದಿ ಸೇರುತ್ತದೆ. ಆಮೇಲೆ ಮರಿಹುಳು ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಗೂಡಿನೊಳಗೆ ಔಷಧಿ ತಾಗುವುದೇ ಕಷ್ಟ. ಕಾಲ ಸಪ್ಪಳ, ಮೈಬಿಸಿ ಸಿಕ್ಕಿದ ಕೂಡಲೇ ಚಿಗಟವಾಗಿ ಹೊರಗೆ ಹಾರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ, ಕನಿಷ್ಠ ಮೂರು ತಿಂಗಳು ತಪ್ಪದೆ ಹಾಕಬೇಕು.

ವಿಜಯಪುರ: ನಮ್ಮಜ್ಜಿ ಕಾಲದಿಂದ ಬೇವೇ ನಡೆದಿದೆ. ಸುಮ್ನೆ ರಾಸಾಯನಿಕ ಯಾಕೆ?

ಕೋಡಿಬಾಗ್: ಹಿಂದಿನ ಜಗಲಿಯಲ್ಲಿ, ಗೋಣಿಚೀಲದ ಮೇಲೆ. ಬೆಕ್ಕೂ ಅಲ್ಲೇ ಮಲಗುತ್ತದೆ.

ಅಂಕೋಲಾ: ಬೆಕ್ಕಿದೆಯಾ! ಅದು ಕೇರಿಯೆಲ್ಲಾ ಸುತ್ತಿ ಬರುತ್ತದೆ ಅಲ್ವಾ? ಎರಡಕ್ಕೂ ಒಟ್ಟಿಗೇ ಔಷಧಿ ಆಗಬೇಕು. ಆದರೆ ಬೆಕ್ಕಿಗೆ ಬೆಕ್ಕಿನದ್ದೇ ಹಾಕಿ. ನಾಯಿ ಔಷಧಿಯಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಜೀವಕ್ಕೇ ಅಪಾಯ. ಗೋಣಿಯನ್ನು ಬಿಗಿಯಾಗಿ ಕಟ್ಟಿ ಎಸೆದುಬಿಡಿ. ಹಾಸು ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಹೇಲಿನಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದು ಚಿಗಟ ನುಂಗಿ ಬರುವ ಲಾಡಿಹುಳು, ಅದಕ್ಕೆ ಬೇರೆ ಮಾತ್ರೆ ಬೇಕು.

ಶಿರಸಿ ತೋಟ: ನಾನು ಅಡಿಕೆ ದಬ್ಬೆಯ ಮಂಚ ಮಾಡಿಸಿದ್ದೇನೆ, ನೆಲದಿಂದ ಒಂದು ಮೊಳ ಎತ್ತರ. ಅಡಿಯಲ್ಲಿ ಗುಡಿಸಲು ಸುಲಭ. ನಮ್ಮಲ್ಲಿ ಉಣುಗು ಜಾಸ್ತಿ, ಹಾಗಾಗಿ ಮೂರೂ ನಾಯಿಗೆ 12 ವಾರಕ್ಕೊಮ್ಮೆ ಫ್ಲೂರಲಾನರ್ ಮಾತ್ರೆ.

ವಿಜಯಪುರ: ಮಂಚದ ಫೋಟೊ ಹಾಕಿ. ದಬ್ಬೆಗೆ ಗೆದ್ದಲು ಹಿಡಿಯುವುದಿಲ್ಲವಾ?

ಕೋಡಿಬಾಗ್: ಬೆಕ್ಕು ಗಬ್ಬ ಇದೆ. ಏನು ಹಾಕಬಹುದು?

ಅಂಕೋಲಾ: ಪಶುವೈದ್ಯರನ್ನು ಕೇಳದೆ ಏನೂ ಹಾಕಬೇಡಿ. ಅಲ್ಲಿವರೆಗೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸೋಪು ನೀರಿಗೆ ಹಾಕಿ.