ಸಣ್ಣ ಜಮೀನಿಗೆ ಯಾವ ತಳಿಯ ಮೇಕೆ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಮಗೆ ಎರಡು ಎಕರೆ ಜಮೀನಿದೆ. ಅರ್ಧದಷ್ಟು ಕುರುಚಲು ಗಿಡ, ಪೊದೆ, ಬದುವಿನ ಮೇಲೆ ಒಂದಿಷ್ಟು ಮರ. ಉಳಿದದ್ದರಲ್ಲಿ ಮೇವು ಬೆಳೆಯಬಹುದು, ಆದರೆ ಮಳೆಗಾಲದಲ್ಲಿ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು ಜೋರು. ನೋಡಿಕೊಳ್ಳುವವರು ನಾನು, ನನ್ನ ಹೆಂಡತಿ ಇಬ್ಬರೇ. ಮನೆಗೆ ಹಾಲು ಬೇಕು, ವರ್ಷಕ್ಕೆ ಒಂದಿಷ್ಟು ಮರಿ ಮಾರಬೇಕು. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬರು ಬೋಯರ್ ಅಂತಾರೆ, ಇನ್ನೊಬ್ಬರು ಸಾನೆನ್, ಮತ್ತೊಬ್ಬರು ಜಮುನಾಪಾರಿ. ನೀವು ಒಂದು ತಳಿಯ ಹೆಸರು ಹೇಳಿಬಿಡಿ, ಅದನ್ನೇ ತರುತ್ತೇವೆ.

ಉತ್ತರ: ಹೆಸರು ಹೇಳುತ್ತೇನೆ, ಸ್ವಲ್ಪ ತಾಳಿ. ನೀವು ಬರೆದಿರುವುದರಲ್ಲಿ ನನಗೆ ಬೇಕಾದ್ದು ಮುಕ್ಕಾಲು ಪಾಲು ಇದೆ: ಪೊದೆ, ನೀರು ನಿಲ್ಲುವ ಮೂಲೆ, ಬಿಸಿಲು, ಇಬ್ಬರೇ ಜನ. ತಳಿ ತೀರ್ಮಾನ ಆಗುವುದು ಇದರ ಮೇಲೆ. ವಿಡಿಯೋದಲ್ಲಿ ಕಾಣುವ ಮೇಕೆಯ ಎತ್ತರ, ತೂಕದ ಮೇಲೆ ಅಲ್ಲ.

ಮೊದಲು ಹೊಟ್ಟೆ ಲೆಕ್ಕ. ಮೇಕೆ ತನ್ನ ತೂಕದ ಶೇಕಡಾ 3ರಿಂದ 4ರಷ್ಟು ಒಣ ಅಂಶ (ಮೇವಿನಲ್ಲಿ ನೀರು ಬಿಟ್ಟು ಉಳಿಯುವುದು) ತಿನ್ನಬೇಕು. 30 ಕಿಲೋ ಮೇಕೆಗೆ ದಿನಕ್ಕೆ ಸುಮಾರು 1 ಕಿಲೋ ಒಣ ಅಂಶ, ಅಂದರೆ ಹಸಿ ಮೇವಿನ ಲೆಕ್ಕದಲ್ಲಿ 4ರಿಂದ 5 ಕಿಲೋ. ಚೆನ್ನಾಗಿ ಬೆಳೆದ ಬೋಯರ್ ಹೆಣ್ಣು 90 ಕಿಲೋ ತೂಗುತ್ತದೆ. ಅದಕ್ಕೆ ಇದರ ಮೂರು ಪಟ್ಟು ಮೇವು ಬೇಕು. ಅಂದರೆ ಅದೇ ಜಮೀನಿನಲ್ಲಿ ಮೂರು ಸಣ್ಣ ಮೇಕೆ ಸಾಕಬಹುದು, ಇಲ್ಲವೇ ಒಂದು ದೊಡ್ಡದು. ಮೂರು ಮೇಕೆ ಇದ್ದರೆ ಒಂದು ಗೊಡ್ಡಾದರೂ ಇನ್ನೆರಡು ಮರಿ ಹಾಕುತ್ತವೆ. ಒಂದೇ ಇದ್ದು ಅದೇ ಹುಷಾರು ತಪ್ಪಿದರೆ ಆ ವರ್ಷ ಏನೂ ಇಲ್ಲ.

ಈಗ ನೀವು ಕೇಳಿದ ಮೂರು. ಬೋಯರ್ ದಕ್ಷಿಣ ಆಫ್ರಿಕಾದ ಮಾಂಸದ ತಳಿ. ಬಿಳಿ ಮೈ, ಕೆಂಗಂದು ತಲೆ. ಮರಿ ಬೇಗ ತೂಕ ಹಾಕುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ತೂಕ ಬರುವುದು ತಿನ್ನಿಸಿದರೆ ಮಾತ್ರ, ಮತ್ತೆ ತೇವದ ನೆಲದಲ್ಲಿ ಜಂತುಹುಳುವಿಗೆ ಅದು ಸುಲಭವಾಗಿ ಸೋಲುತ್ತದೆ. ಹಾಲು ಮರಿಗೆ ಆಗುವಷ್ಟು, ಮನೆಗೆ ಕರೆಯುವ ಮೇಕೆ ಅದಲ್ಲ. ಸಾನೆನ್ ಸ್ವಿಟ್ಜರ್ಲೆಂಡಿನದು. ಹಾಲಿನಲ್ಲಿ ಅದನ್ನು ಮೀರಿಸುವ ತಳಿ ಕಷ್ಟ, ಒಳ್ಳೆಯ ಆರೈಕೆಯಲ್ಲಿ ದಿನಕ್ಕೆ 3 ಲೀಟರಿಗೂ ಜಾಸ್ತಿ ಕೊಡುತ್ತದೆ. ಆದರೆ ಅದು ತಂಪು ಪ್ರದೇಶದ ಪ್ರಾಣಿ. ಚರ್ಮ ತೆಳು ಬಿಳುಪು, ಜೋರು ಬಿಸಿಲಿಗೆ ಕಿವಿ, ಕೆಚ್ಚಲು ಸುಡುತ್ತವೆ, ಸೆಖೆ ಹೆಚ್ಚಾದಾಗ ಮೇವು ಬಿಡುತ್ತದೆ, ಮೇವು ಬಿಟ್ಟರೆ ಹಾಲೂ ಇಳಿಯುತ್ತದೆ. ನಿಮ್ಮ ಬೇಸಿಗೆಗೆ ನಾನು ಅದನ್ನು ಹೇಳುವುದಿಲ್ಲ. ಜಮುನಾಪಾರಿ ನೋಡಲು ಬಲು ಚೆಂದ, ಉದ್ದ ಜೋಲುಕಿವಿ, ಗಿಣಿಯಂಥ ಬಾಗಿದ ಮೂಗು, ಹಾಲೂ ಇದೆ. ಯಮುನಾ, ಚಂಬಲ್ ಕಣಿವೆಯ ಕುರುಚಲು ಕಾಡಿನಲ್ಲಿ ಕತ್ತೆತ್ತಿ ಸೊಪ್ಪು ತಿಂದು ಬೆಳೆದ ತಳಿ. ಓಡಾಡಲು ಜಾಗ ಬೇಕು, ಎತ್ತರದ ಗಿಡ ಬೇಕು, ಕೂಡಿಹಾಕಿದರೆ ಸೊರಗುತ್ತದೆ. ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ. ಮರಿ ಮಾರಬೇಕು ಅನ್ನುವವರಿಗೆ ಇದು ದೊಡ್ಡ ಕೊರತೆ.

ನನ್ನ ಸಲಹೆ ಹೀಗೆ. ಹೆಣ್ಣುಗಳನ್ನು ದೂರದಿಂದ ತರಬೇಡಿ. ನಿಮ್ಮದೇ ಹವೆಯಲ್ಲಿ, ನಿಮ್ಮಂಥದೇ ನೆಲದಲ್ಲಿ ಎರಡು ಮೂರು ಮಳೆಗಾಲ ಕಳೆದ ಮೇಕೆಗಳನ್ನೇ ಹುಡುಕಿ. ಅದರಲ್ಲೂ ಅವಳಿ ಮರಿ ಹಾಕಿ ಎರಡನ್ನೂ ತಾನೇ ಹಾಲು ಕೊಟ್ಟು ಬೆಳೆಸಿದ್ದನ್ನು ಆರಿಸಿ. ತಳಿಗೆ ಅಂತ ಖರ್ಚು ಮಾಡುವುದನ್ನೆಲ್ಲ ಹೋತದ ಮೇಲೆ ಹಾಕಿ, ಯಾಕೆಂದರೆ ಹಿಂಡಿನ ಪ್ರತಿ ಮರಿಯಲ್ಲೂ ಅರ್ಧ ಅದರದೇ ರಕ್ತ. ಬಿಸಿಲೂ ಇದೆ ತೇವವೂ ಇದೆ, ಹಾಲೂ ಬೇಕು ಮರಿಯೂ ಬೇಕು ಅಂದರೆ ಮಲಬಾರಿ ಹೋತ ನೋಡಿ. ಮಧ್ಯಮ ಗಾತ್ರ, ಅವಳಿ ಸಾಮಾನ್ಯ, ತೇವದ ಹವೆಯಲ್ಲೇ ಬೆಳೆದ ತಳಿ. ಮಳೆ ಕಮ್ಮಿ ಇರುವ ಒಣ ನೆಲವಾಗಿದ್ದರೆ ಉಸ್ಮಾನಾಬಾದಿ ಇಲ್ಲವೇ ಸಿರೋಹಿ ಅನ್ನುತ್ತಿದ್ದೆ. ಹಾಲೇ ಮುಖ್ಯ, ಮೇವಿಗೆ ಕೊರತೆ ಇಲ್ಲ ಅಂದಿದ್ದರೆ ಬೀಟಲ್.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಉಪಕಾರ ಮೇಡಂ. ಎಷ್ಟರಿಂದ ಶುರು ಮಾಡಲಿ? ಹತ್ತು ಹೆಣ್ಣು ಅಂದುಕೊಂಡಿದ್ದೆ.

ಉತ್ತರ: ನಾಲ್ಕೈದು ಸಾಕು. ಒಂದೇ ಒಂದು ಮಾತ್ರ ತರಬೇಡಿ, ಮೇಕೆ ಒಂಟಿಯಾಗಿ ಇರಲಾರದು, ಇಡೀ ದಿನ ಅರಚಿ ಮೇವು ಬಿಡುತ್ತದೆ. ಗಬ್ಬದ ಅವಧಿ ಸುಮಾರು 150 ದಿನ, ಅವಳಿ ಬಂದರೆ ಐದು ಮೇಕೆಯ ಹಿಂಡು ಒಂದೇ ಸೂಲಿನಲ್ಲಿ ಎರಡು ಪಟ್ಟಿಗೂ ಮೀರಿ ಬೆಳೆಯುತ್ತದೆ. ಒಂದು ವರ್ಷ, ಮುಖ್ಯವಾಗಿ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ, ಇಷ್ಟನ್ನೇ ನೋಡಿಕೊಳ್ಳಿ. ಮೇವು ಯಾವ ತಿಂಗಳು ಸಾಲುವುದಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಪ್ರಶ್ನೆ (ಇನ್ನೊಬ್ಬರು): ಡಾಕ್ಟ್ರೇ, ನಾವು ಆಗಲೇ ಬೋಯರ್ ತಂದಿದ್ದೇವೆ. ಬೇಸಿಗೆಯಲ್ಲಿ ಚೆನ್ನಾಗಿದ್ದವು. ಮಳೆ ಶುರುವಾದ ಮೇಲೆ ಬಡಕಲಾಗಿವೆ. ಒಂದಕ್ಕೆ ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊದಿದೆ. ತಿನ್ನುವುದು ಬಿಟ್ಟಿಲ್ಲ, ಭೇದಿಯೂ ಇಲ್ಲ. ತಳಿಯೇ ಸರಿ ಇಲ್ಲವಾ?

ಉತ್ತರ: ಅಣ್ಣ, ಇದನ್ನು ನಾಳೆಗೆ ಇಡಬೇಡಿ. ಈಗಲೇ ಆ ಮೇಕೆಯನ್ನು ಬೆಳಕಿಗೆ ತಂದು ಕಣ್ಣು ನೋಡಿ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಗುಡ್ಡೆಯ ಮೇಲೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳ ರೆಪ್ಪೆ ಇಳಿಸಿ. ಒಳಗಿನ ತೆಳು ಪೊರೆ ಹೊರಗೆ ಬರುತ್ತದೆ. ಅದು ಕೆಂಪಗೆ ಇದ್ದರೆ ರಕ್ತ ಸರಿಯಾಗಿದೆ. ಮಾಸಲು ಗುಲಾಬಿ ಆದರೆ ಎಚ್ಚರ. ಕಾಗದದ ಹಾಗೆ ಬಿಳಿಚಿಕೊಂಡಿದ್ದರೆ ಜೀವಕ್ಕೇ ಅಪಾಯ. ಎರಡೂ ಕಣ್ಣು ನೋಡಿ, ಬಿಸಿಲಿನಲ್ಲಿ ನೋಡಿ, ಕೊಟ್ಟಿಗೆಯ ಮಬ್ಬಿನಲ್ಲಿ ಎಲ್ಲವೂ ಕೆಂಪಾಗಿಯೇ ಕಾಣುತ್ತವೆ. ಇದಕ್ಕೆ ಫಮಾಚಾ ಅಂತ ಐದು ಬಣ್ಣದ ಕಾರ್ಡೇ ಇದೆ, ಹುಟ್ಟಿದ್ದು ಬೋಯರಿನ ತವರು ದಕ್ಷಿಣ ಆಫ್ರಿಕಾದಲ್ಲೇ.

ನೀವು ಹೇಳಿದ ಲಕ್ಷಣ ಹಿಮಾಂಕಸ್ ಅನ್ನುವ ರಕ್ತ ಹೀರುವ ಹುಳುವಿನ ಹಾಗೆ ಕಾಣುತ್ತದೆ. ಇದು ಹೊಟ್ಟೆಯ ನಾಲ್ಕನೇ ಚೀಲದಲ್ಲಿ ಕೂತು ರಕ್ತ ಕುಡಿಯುತ್ತದೆ. ಭೇದಿ ಇರುವುದಿಲ್ಲ, ಅದಕ್ಕೇ ಜನರಿಗೆ ಅನುಮಾನ ಬರುವುದಿಲ್ಲ. ಒಂದೊಂದು ಹೆಣ್ಣು ಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅವು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ, ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ಮರಿಹುಳು ಹುಲ್ಲಿನ ಬುಡಕ್ಕೆ ಹತ್ತಿಕೊಂಡು ಮತ್ತೆ ಮೇಕೆಯ ಬಾಯಿಗೇ ಬರುತ್ತವೆ. ಇವತ್ತೇ ಹತ್ತಿರದ ಪಶುವೈದ್ಯರಿಗೆ ತೋರಿಸಿ, ಹಿಕ್ಕೆ ಪರೀಕ್ಷೆ ಮಾಡಿಸಿ. ಕುರಿಗೆ ಅಂತ ಬರೆದ ಪ್ರಮಾಣದಲ್ಲಿ ಔಷಧಿ ಹಾಕಬೇಡಿ. ಮೇಕೆಯ ಮೈ ಬಹಳಷ್ಟು ಜಂತು ಔಷಧಿಗಳನ್ನು ಕುರಿಗಿಂತ ಬೇಗ ಹೊರಗೆ ಹಾಕುತ್ತದೆ, ಕಡಿಮೆ ಬಿದ್ದರೆ ಹುಳು ಸಾಯುವುದಿಲ್ಲ, ಔಷಧಿಗೇ ಒಗ್ಗಿಕೊಳ್ಳುತ್ತದೆ. ತೂಕ ನೋಡಿ ಪ್ರಮಾಣ ಹೇಳುವುದು ವೈದ್ಯರ ಕೆಲಸ. ತೀರಾ ಬಿಳಿಚಿರುವುದನ್ನು ಓಡಿಸಬೇಡಿ, ನಿಂತಲ್ಲೇ ಕುಸಿಯಬಹುದು.

ತಳಿ ಕೆಟ್ಟದ್ದಲ್ಲ, ಒಣ ನೆಲದ ತಳಿಯನ್ನು ತೇವದ ಹುಲ್ಲಿಗೆ ಬಿಟ್ಟಿದ್ದೇ ತೊಂದರೆ. ಮೇಕೆ ಸ್ವಭಾವದಲ್ಲಿ ಹುಲ್ಲು ಮೇಯುವ ಪ್ರಾಣಿಯೇ ಅಲ್ಲ, ಸೊಪ್ಪು ಕಿತ್ತು ತಿನ್ನುವ ಪ್ರಾಣಿ. ತಲೆಯ ಎತ್ತರದಲ್ಲಿ ತಿಂದರೆ ಹುಳು ಹೊಟ್ಟೆಗೆ ಹೋಗುವುದು ತೀರಾ ಕಮ್ಮಿ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಬಿಡಿ, ಹುಲ್ಲು ನಾಲ್ಕು ಇಂಚಿಗಿಂತ ಕೆಳಗೆ ಇಳಿಯುವ ಮೊದಲೇ ಜಾಗ ಬದಲಿಸಿ, ಸೊಪ್ಪನ್ನು ಕಟ್ಟು ಕಟ್ಟಿ ತೂಗುಹಾಕಿ. ಮೇವನ್ನು ನೆಲದ ಮೇಲೆ ಚೆಲ್ಲಲೇಬೇಡಿ.

ಮೊದಲು ಪ್ರಶ್ನೆ ಕೇಳಿದವರೇ, ಇದನ್ನು ನೀವೂ ಓದಿ. ನಿಮ್ಮ ಆ ಜೌಗು ಮೂಲೆಗೆ ಈಗಲೇ ಬೇಲಿ ಹಾಕಿಬಿಡಿ.

ಪ್ರಶ್ನೆ: ನಮ್ಮದು ಪೂರ್ತಿ ಕೊಟ್ಟಿಗೆ ಸಾಕಣೆ ಮೇಡಂ. ಹೊರಗೆ ಬಿಡಲು ಜಾಗವೇ ಇಲ್ಲ. ಯಾವುದು?

ಉತ್ತರ: ಬಾರ್ಬರಿ. ಸಣ್ಣ ಮೈ, ಚುರುಕಾದ ನೆಟ್ಟ ಕಿವಿ, ಬಿಳಿಯ ಮೇಲೆ ಕಂದು ಚುಕ್ಕೆ. ಕಟ್ಟಿ ಸಾಕಿದರೂ ಚೆನ್ನಾಗಿರುತ್ತದೆ, ಬೇಗ ಬೆದೆಗೆ ಬರುತ್ತದೆ, ಅವಳಿ ಹಾಕುತ್ತದೆ. ಬ್ಲ್ಯಾಕ್ ಬೆಂಗಾಲ್ ಇನ್ನೂ ಸಣ್ಣದು, ಮೂರು ಮರಿ ಹಾಕುವುದೂ ಇದೆ, ಆದರೆ ಮೂರಕ್ಕೂ ಸಾಲುವಷ್ಟು ಹಾಲು ಅದಕ್ಕಿಲ್ಲ. ಮೂರನೆಯ ಮರಿಗೆ ಬಾಟಲಿ ಹಿಡಿಯಲು ಮನೆಯಲ್ಲಿ ಯಾರಾದರೂ ಇದ್ದಾರಾ ನೋಡಿಕೊಳ್ಳಿ.

ಪ್ರಶ್ನೆ: ಸಣ್ಣ ಮೇಕೆಗೆ ಬೋಯರ್ ಹೋತ ಬಿಟ್ಟರೆ ಮರಿ ದೊಡ್ಡದು ಬರುತ್ತದೆ, ಲಾಭ ಜಾಸ್ತಿ ಅಂತಾರಲ್ಲ?

ಉತ್ತರ: ದೊಡ್ಡ ಮರಿ ಹೊರಗೆ ಬರಬೇಕಲ್ವಾ? 20 ಕಿಲೋ ಮೇಕೆಯ ಸೊಂಟದಿಂದ ಅಂಥ ಮರಿ ಎಳೆದು ತೆಗೆಯುವಾಗ ತಾಯಿಯೂ ಹೋಗುತ್ತದೆ, ಮರಿಯೂ ಹೋಗುತ್ತದೆ. ಅದನ್ನು ನೋಡುವುದು ನನಗೆ ತುಂಬಾ ಸಂಕಟ, ಯಾಕೆಂದರೆ ತಪ್ಪಿಸಬಹುದಾದ ಸಾವು ಅದು. ಮೊದಲ ಸೂಲಿನ ಮೇಕೆಗೆ ಅದರದೇ ಗಾತ್ರದ ತಳಿಯ ಹೋತ ಬಿಡಿ. ಒಂದೆರಡು ಸಲ ಸಲೀಸಾಗಿ ಮರಿ ಹಾಕಿದ, ಮೈಕಟ್ಟು ಅಗಲವಾಗಿರುವ ಹೆಣ್ಣಿಗೆ ಸ್ವಲ್ಪ ದೊಡ್ಡ ತಳಿ ಬಿಡಬಹುದು. ಬಾರ್ಬರಿ, ಬ್ಲ್ಯಾಕ್ ಬೆಂಗಾಲ್ ಹೆಣ್ಣಿಗೆ ಬೋಯರ್ ಮಾತ್ರ ಬೇಡ.

ಪ್ರಶ್ನೆ (ಒಬ್ಬ ಸದಸ್ಯೆ): ಅಕ್ಕ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕೊಂಬು ತಗುಲುತ್ತದೆ ಅಂತ ಭಯ. ಹುಟ್ಟು ಬೋಳು ಮೇಕೆಗಳನ್ನೇ ಆರಿಸಿಕೊಂಡು, ಬೋಳು ಹೋತವನ್ನೇ ತಂದರೆ ಹಿಂಡೆಲ್ಲ ಬೋಳಾಗುತ್ತದೆ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ ತಂಗಿ, ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಬೋಳು ಹೆಣ್ಣು ಸಾಕಿ, ತೊಂದರೆ ಇಲ್ಲ. ಆದರೆ ಬೋಳಿಗೆ ಬೋಳು ಕೂಡಿಸಬೇಡಿ. ಮೇಕೆಯಲ್ಲಿ ಕೊಂಬಿಲ್ಲದ ಗುಣದ ಜೊತೆಗೇ ಇನ್ನೊಂದು ದೋಷ ಅಂಟಿಕೊಂಡು ಬರುತ್ತದೆ. ಆ ಗುಣ ತಾಯಿ, ತಂದೆ ಎರಡೂ ಕಡೆಯಿಂದ ಬಂದ ಹೆಣ್ಣು ಮರಿ ಪೂರ್ತಿ ಹೆಣ್ಣಾಗಿ ಬೆಳೆಯುವುದಿಲ್ಲ. ಅತ್ತ ಹೆಣ್ಣೂ ಅಲ್ಲ, ಇತ್ತ ಗಂಡೂ ಅಲ್ಲ, ಗಬ್ಬ ಕಟ್ಟುವುದೇ ಇಲ್ಲ. ಹಾಗಾಗಿ ಜೋಡಿಯಲ್ಲಿ ಒಂದಕ್ಕೆ ಹುಟ್ಟು ಕೊಂಬು ಇರಲೇಬೇಕು. ಹೋತಕ್ಕೆ ಕೊಂಬಿರಲಿ, ಅದನ್ನು ಹೇಗೂ ಬೇರೆ ದೊಡ್ಡಿಯಲ್ಲೇ ಇಡುತ್ತೀರಿ. ಹೋತದ ವಾಸನೆ ಹಾಲಿಗೆ ಹತ್ತಬಾರದು ಅನ್ನುವುದಕ್ಕೂ ಅದೇ ಒಳ್ಳೆಯದು.

ಪ್ರಶ್ನೆ (ಮೊದಲ ಸದಸ್ಯರು): ಮೇಡಂ, ಬೇಲಿ ಕೆಲಸ ಶುರು ಮಾಡುತ್ತೇವೆ. ಕೊಳ್ಳಲು ಹೋದಾಗ ಏನೇನು ನೋಡಬೇಕು? ಮಾರುವವರು ಎಲ್ಲವೂ ಶುದ್ಧ ತಳಿ ಅಂತಲೇ ಹೇಳುತ್ತಾರೆ.

ಉತ್ತರ: ಶುದ್ಧ ತಳಿ ಅನ್ನುವ ಮಾತು ಪಕ್ಕಕ್ಕಿಡಿ, ಮೇಕೆಯನ್ನು ನೋಡಿ. ದೂರ ನಿಂತು ನಡೆಸಿ ನೋಡಿ, ಕುಂಟು ಇದೆಯಾ, ಗೊರಸು ಬೆಳೆದು ಮಡಚಿದೆಯಾ. ಕೆಳದವಡೆಯ ಮುಂದಿನ ಹಲ್ಲು ನೋಡಿ. ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದು, ಒಂದೂವರೆ ವರ್ಷ. ನಾಲ್ಕು ಇದ್ದರೆ ಸುಮಾರು ಎರಡು, ಎಂಟೂ ಬಂದಿದ್ದರೆ ನಾಲ್ಕು ವರ್ಷದ ಆಸುಪಾಸು. ಸವೆದು ಸಂದಿ ಬಿದ್ದಿದ್ದರೆ ಮುದಿ. ಮಾರುವವರು ಹೇಳುವ ವಯಸ್ಸಿಗಿಂತ ಹಲ್ಲು ಹೇಳುವುದನ್ನೇ ನಂಬಿ.

ಕೆಚ್ಚಲನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಎರಡೂ ಭಾಗ ಮೆತ್ತಗೆ, ಒಂದೇ ಅಳತೆಯಲ್ಲಿ ಇರಲಿ, ಒಳಗೆ ಗಂಟು ಸಿಗಬಾರದು. ತೊಟ್ಟು ಎರಡೇ ಇರಬೇಕು. ಎರಡರಿಂದಲೂ ಒಂದೆರಡು ಹಿಂಡು ಅಂಗೈಗೆ ಕರೆಯಿರಿ, ಹಾಲು ನೀರಾಗಿದ್ದರೆ, ಒಡೆದ ಹಾಗೆ ಚೂರು ಬಂದರೆ, ಅದು ಕೆಚ್ಚಲು ಬಾವು, ಬಿಟ್ಟುಬಿಡಿ. ಕಣ್ಣಿನ ಒಳರೆಪ್ಪೆ ನೋಡುವುದು ಮೇಲೆ ಹೇಳಿದ್ದೇನೆ, ಅಲ್ಲೇ ನಿಂತು ಮಾಡಿ. ಹಿಂಭಾಗದಲ್ಲಿ ಸೆಗಣಿ ಅಂಟಿದೆಯಾ, ಕತ್ತಿನ ಸುತ್ತ ಬಾವು ಇದೆಯಾ, ಕೆಮ್ಮುತ್ತದೆಯಾ. ಒಂದು ಮೇಕೆಯಲ್ಲ, ಆ ಹಿಂಡನ್ನೇ ನೋಡಿ. ಉಳಿದವು ಸೊರಗಿದ್ದು ಮಾರುವ ಒಂದು ಮಾತ್ರ ಮಿಂಚುತ್ತಿದ್ದರೆ ಅಲ್ಲಿಂದ ಹೊರಡಿ.

ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಪ್ಲೇಗಿನಂಥ ಸಾಂಕ್ರಾಮಿಕ ರೋಗ) ಮತ್ತು ಕರುಳುಬೇನೆಯ ಲಸಿಕೆ ಯಾವಾಗ ಹಾಕಿಸಿದ್ದು ಕೇಳಿ, ಹಾಕಿಸಿಲ್ಲ ಅಂದರೆ ನೀವು ಹಾಕಿಸಿ. ಹಾಲು ಮನೆಗೆ ಅಂತೀರಿ, ಹಾಗಾಗಿ ಬ್ರುಸೆಲ್ಲಾ (ಗರ್ಭಪಾತ ಮಾಡಿಸುವ ಸೋಂಕು) ರಕ್ತ ಪರೀಕ್ಷೆ ಮಾಡಿಸಲೇಬೇಕು, ಅದು ಹಸಿ ಹಾಲಿನಿಂದ ಜನರಿಗೂ ಬರುತ್ತದೆ. ಪರೀಕ್ಷೆ ಆದರೂ ಹಾಲು ಕಾಯಿಸಿಯೇ ಕುಡಿಯಿರಿ.

ಮನೆಗೆ ತಂದ ಮೇಲೆ ಮೂರರಿಂದ ನಾಲ್ಕು ವಾರ ಉಳಿದ ಮೇಕೆಗಳಿಂದ ದೂರ ಕಟ್ಟಿ. ಈಗ ನಿಮ್ಮಲ್ಲಿ ಬೇರೆ ಮೇಕೆ ಇಲ್ಲ, ಆದರೆ ಮುಂದೆ ಹೋತ ತರುವಾಗ ಇದೇ ನಿಯಮ. ಹಳೆಯ ಕಡೆ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಕೊಡಿ, ಮೇವು ಒಮ್ಮೆಲೇ ಬದಲಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಖನಿಜ ಮಿಶ್ರಣ ಮೇಕೆಗೆ ಅಂತಲೇ ಇರುವುದನ್ನು ತನ್ನಿ. ಕುರಿಯದರಲ್ಲಿ ತಾಮ್ರ ಕಡಿಮೆ ಇರುತ್ತದೆ, ಮೇಕೆಗೆ ಅದು ಸಾಲುವುದಿಲ್ಲ.

ಪ್ರಶ್ನೆ (ಮೊದಲ ಸದಸ್ಯರು): ಕೊನೆಯದಾಗಿ ಒಂದು. ಐದು ಹೆಣ್ಣಿಗೆ ಹೋತ ಸಾಕಲೇಬೇಕಾ, ಅಕ್ಕಪಕ್ಕದವರಿಂದ ತಂದು ಬಿಡಬಹುದಾ?

ಉತ್ತರ: ಒಂದು ಹೋತ 25ರಿಂದ 30 ಹೆಣ್ಣಿಗೆ ಆಗುತ್ತದೆ, ಐದಕ್ಕೆ ಅಂತ ವರ್ಷವಿಡೀ ಸಾಕುವುದು ಭಾರವೇ. ಆದರೆ ಊರೆಲ್ಲ ತಿರುಗುವ ಹೋತ ರೋಗವನ್ನೂ ಹೊತ್ತು ತರುತ್ತದೆ. ನಿಮ್ಮ ಹಾಗೆಯೇ ನಾಲ್ಕೈದು ಮೇಕೆ ಸಾಕುವ ಎರಡು ಮೂರು ಮನೆಯವರು ಸೇರಿ ಒಂದು ಹೋತ ಇಟ್ಟುಕೊಳ್ಳಿ, ಆ ಮನೆಗಳ ಹೆಣ್ಣುಗಳಿಗೆ ಬಿಟ್ಟು ಬೇರೆ ಯಾರಿಗೂ ಬಿಡಬೇಡಿ, ಬ್ರುಸೆಲ್ಲಾ ಪರೀಕ್ಷೆ ಅದಕ್ಕೂ ಆಗಿರಲಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಬಾಲ ಅಲ್ಲಾಡಿಸುವುದು, ಸುಮ್ನೆ ಕೂಗುವುದು ಕಂಡ ದಿನ ಬರೆದಿಡಿ. ಎರಡು ವರ್ಷ ಆದ ಮೇಲೆ ಹೋತ ಬದಲಿಸಿ, ಇಲ್ಲದಿದ್ದರೆ ಅದು ತನ್ನ ಮಗಳಿಗೇ ಬೀಳುತ್ತದೆ. ಹೋತ ಆರಿಸುವ ದಿನ ಅದರ ತಾಯಿಯನ್ನು ತೋರಿಸಿ ಅಂತ ಕೇಳಿ. ತಾಯಿಯ ಕೆಚ್ಚಲು, ಅದು ಎಷ್ಟು ಮರಿ ಹಾಕಿತ್ತು, ಇವೆರಡೂ ನಿಮ್ಮ ಮುಂದಿನ ಹೆಣ್ಣು ಮರಿಗಳಲ್ಲಿ ಬರುವುದು ಆ ಹೋತದ ಮೂಲಕವೇ.